ಗಂಟಲು ಮರೆತ ಕೆಮ್ಮು

ಬೆಳಗಿನ ಚಹಾ ಬಾಯಿಯ ಬಲಗಡೆಯಿಂದ ಸೀರೆಯ ಮೇಲೆ ಸುರಿಯಿತು. ಕಪ್ಪು ಓರೆ ಹಿಡಿದಿರಬೇಕು ಅಂದುಕೊಂಡೆ. ನೇರ ಮಾಡಿ ಇನ್ನೊಂದು ಗುಟುಕು ಕುಡಿದೆ. ಅದೂ ಸುರಿಯಿತು. ಅಯ್ಯ, ಇದೇನು ಬಂತು ಹಾಳಾದ್ದು ಎಂದು ಬೈಯಲು ಬಾಯಿ ತೆರೆದೆ. ಹೊರಟಿದ್ದು ಬೈಗುಳವಲ್ಲ, ಹಸುಗೂಸಿನ ತೊದಲು.

ಕಪ್ಪು ಕೈಯಿಂದ ಜಾರಿತು.

ನಾನು ಸಿಂದಗಿ ತಾಲ್ಲೂಕಿನ ಯಂಕಂಚಿಯಲ್ಲಿ ಅಂಗನವಾಡಿ ನಡೆಸುವವಳು. ಹೆಸರು ಶಾಂತಾ ಎಂದಿದ್ದರೂ ಊರಿಗೆಲ್ಲ ನಾನು ಅಕ್ಕೋರು. ಹೆಸರಿಗೂ ನನಗೂ ಸಂಬಂಧವಿಲ್ಲ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಕಳಿಸದ ತಾಯಂದಿರಿಗೆ, ಅಕ್ಕಿಯ ಚೀಲ ತಡಮಾಡಿ ಇಳಿಸುವ ಡ್ರೈವರನಿಗೆ, ಎಲ್ಲರಿಗೂ ನನ್ನ ಬಾಯಿ ಗೊತ್ತು. ಅಂಥವಳು ಅಂದು ಅಡುಗೆಮನೆಯ ಬಾಗಿಲಲ್ಲಿ ಕುಸಿದು ಕೂತಿದ್ದೆ. ಕೂಗಬೇಕು ಅಂದರೆ ಬಾಯಿ ಬರುತ್ತಿಲ್ಲ. ಬಲಗೈ ಯಾರದೋ ಕೈ ಇದ್ದ ಹಾಗೆ ಪಕ್ಕದಲ್ಲಿ ಬಿದ್ದಿತ್ತು.

ಯಜಮಾನರು ಮಾಳಪ್ಪ ಕುರಿ ಸಾಕುವವರು. ಹಿತ್ತಲಿನ ದೊಡ್ಡಿಯಲ್ಲಿದ್ದವರು ಕಪ್ಪು ಒಡೆದ ಸದ್ದಿಗೆ ಓಡಿ ಬಂದರು. ನನ್ನ ಮುಖ ನೋಡಿದರು. ಅವರ ಮುಖವೇ ನನಗೆ ಕನ್ನಡಿಯಾಯಿತು. ಬಾಯಿ ವಾರೆಯಾಗಿದೆ ಎಂದು ಅವರು ಹೇಳಬೇಕಾಗಲಿಲ್ಲ.

ಪಕ್ಕದ ಮನೆಯವರು ಬಂದರು. "ಲಕ್ವಾ ಹೊಡದೈತಿ. ದವಾಖಾನಿಗೆ ಹೋಗಬ್ಯಾಡ್ರಿ, ಗಿಡಮೂಲಿಕಿ ಕೊಡೋರು ಅದಾರ, ಅಲ್ಲಿಗೆ ಒಯ್ಯೂಣು" ಅಂದರು. ಹಳ್ಳಿಯಲ್ಲಿ ಲಕ್ವಾ ಎಂದರೆ ಪಾರ್ಶ್ವವಾಯು. ನಾನು ಎಡಗೈ ಎತ್ತಿ ಸಿಂದಗಿ ರಸ್ತೆಯ ಕಡೆ ತೋರಿಸಿದೆ. ಮತ್ತೆ ಮತ್ತೆ ತೋರಿಸಿದೆ. ಯಜಮಾನರು, "ಆಕಿ ದವಾಖಾನಿ ಅನ್ನಾಕತ್ತಾಳ. ಆಕಿ ಅಂದಂಗ ಆಗಬೇಕು" ಅಂದರು. ಜೀಪು ಬಂತು. ಸಿಂದಗಿಯಲ್ಲಿ ಡಾಕ್ಟರು ಕಣ್ಣಿಗೆ ಟಾರ್ಚ್ ಹಾಕಿ ನೋಡಿ, ಒಂದು ನಿಮಿಷವೂ ನಿಲ್ಲಿಸಿಕೊಳ್ಳದೆ ವಿಜಾಪುರಕ್ಕೆ ಅಟ್ಟಿದರು. ಹೊತ್ತು ಮೀರುವುದರೊಳಗೆ ತಲುಪಿದೆವು. ಅದು ನನ್ನ ಮೊದಲ ಪುಣ್ಯ.

ಸಿ.ಟಿ. ಸ್ಕ್ಯಾನ್ ಆಯಿತು. ಮೆದುಳಿನ ಎಡಭಾಗದ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ ಎಂದರು. ಅದನ್ನು ಕರಗಿಸುವ ಔಷಧ ಕೈಯ ನರದ ಮೂಲಕ ನಿಧಾನವಾಗಿ ಹೋಯಿತು. ಮಾರನೆಯ ದಿನ ಬಲಗಾಲಿನ ಬೆರಳು ಅಲ್ಲಾಡಿತು. ಆಮೇಲೆ ಕೈ ಮೇಲೆದ್ದಿತು.

ಇಷ್ಟು ವರ್ಷ ಊರಿನ ಮಕ್ಕಳಿಗೆ ನಾನು ಔಷಧ ಹಾಕಿದವಳು. ಪೋಲಿಯೋ ಹನಿ, ವಿಟಮಿನ್ ಸಿರಪ್, ಜಂತುಹುಳದ ಗುಳಿಗೆ, ಎಲ್ಲವೂ ಬಾಯಿಗೇ. ಗಲ್ಲ ಒತ್ತಿದರೆ ಬಾಯಿ ತೆರೆಯುತ್ತದೆ, ಹಾಕಿದರೆ ಮುಗಿಯಿತು. ಔಷಧಕ್ಕೆ ಬಾಯಿ, ಅದಿಲ್ಲದಿದ್ದರೆ ಸೂಜಿ, ಅಷ್ಟೇ ದಾರಿ ಅಂದುಕೊಂಡಿದ್ದೆ. ಆಸ್ಪತ್ರೆಯಲ್ಲಿ ಮಲಗಿದಾಗ ನನ್ನ ಮೈಗೆ ಎಷ್ಟು ಬಾಗಿಲುಗಳಿವೆ ಎಂದು ಗೊತ್ತಾಯಿತು. ಕೈಯ ನರಕ್ಕೆ ಒಂದು ಔಷಧ. ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಇನ್ನೊಂದು ಸಣ್ಣ ಸೂಜಿ. ನಾಲಿಗೆಯ ಕೆಳಗೆ ಇಡುವುದು, ಮೂಗಿನ ಮೇಲೆ ಮುಖವಾಡ ಇಟ್ಟು ಹಬೆಯಾಗಿ ಎಳೆದುಕೊಳ್ಳುವುದು ಅಕ್ಕಪಕ್ಕದ ಹಾಸಿಗೆಗಳಲ್ಲಿ ನಡೆದಿತ್ತು. ಜ್ವರ ಬಂದವರಿಗೆ ಹಿಂಬದಿಯಿಂದ ಇಡುವ ಗುಳಿಗೆಯೂ ಇತ್ತು. ಅದು ಮುಂದೆ ನನ್ನ ಪಾಲಿಗೂ ಬಂತು. ನಾಚಿಕೆಗೆ ಅಲ್ಲಿ ಜಾಗವಿರಲಿಲ್ಲ, ನಾಚಿಕೆಪಡುವಷ್ಟು ತ್ರಾಣವೂ ನನ್ನಲ್ಲಿರಲಿಲ್ಲ.

ಮನೆಗೆ ಕಳಿಸುವ ಮುಂಚೆ ಸಿಸ್ಟರ್ ಯಜಮಾನರಿಗೆ ತಿಳಿಸಿ ಹೇಳಿದಳು. ಗುಳಿಗೆ ಪುಡಿ ಮಾಡಿ ಗಟ್ಟಿ ಗಂಜಿಯಲ್ಲಿ ಕಲಸಬೇಕು. ಪೂರ್ತಿ ಕುಳ್ಳಿರಿಸಿ, ಚಮಚದ ತುದಿಯಲ್ಲಿ ತುಸು ತುಸುವೇ ಕೊಡಬೇಕು. ತೆಳ್ಳಗಿನ ನೀರು ಬೇಡ. ಅವರು ಹೂಂ ಹೂಂ ಎಂದು ತಲೆಯಾಡಿಸಿದರು. ನಾನೂ ಕೇಳಿಸಿಕೊಂಡೆ. ಬದುಕಿ ಮನೆಗೆ ಹೊರಟವರ ಕಿವಿಗೆ ಇಂಥ ಮಾತು ಪೂರ್ತಿ ಇಳಿಯುವುದಿಲ್ಲ.

ಮನೆಗೆ ಬಂದ ಮೇಲೆ ಪಜೀತಿ ಶುರುವಾಯಿತು. ನಾಲಿಗೆ ಹೇಳಿದ ಮಾತು ಕೇಳುತ್ತಿರಲಿಲ್ಲ. ಗಂಜಿ ಬಾಯಿಯ ಬಲಗಡೆ ಗಲ್ಲದಲ್ಲಿ ಗುಡ್ಡೆಯಾಗಿ ಕೂರುತ್ತಿತ್ತು. ಗುಳಿಗೆಯ ಪುಡಿ ಅಲ್ಲೇ ಕರಗಿ ಬಾಯೆಲ್ಲ ಕಹಿ. ಅರ್ಧ ಉಗುಳು, ಅರ್ಧ ಸೆರಗಿಗೆ. ಒಂದು ಗುಳಿಗೆ ಒಳಗೆ ಹೋಗಬೇಕಾದರೆ ಇಬ್ಬರೂ ಬೆವರುತ್ತಿದ್ದೆವು.

ಯಜಮಾನರಿಗೆ ದಿಗಿಲು. ರಕ್ತ ತೆಳ್ಳಗೆ ಮಾಡುವ ಗುಳಿಗೆ ತಪ್ಪಿದರೆ ಮತ್ತೆ ಹೊಡೆಯಬಹುದು ಎಂದು ಡಾಕ್ಟರು ಹೇಳಿದ್ದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಊರಿನವರೆಲ್ಲ ಸೂಜಿ ಮಾಡಿಸ್ರಿ, ಸಲಾಯಿನ್ ಹಚ್ಚಿಸ್ರಿ ಎನ್ನುತ್ತಿದ್ದರು. ಅವರು ಸೂಜಿಯವರ ಮಾತು ಕೇಳಲಿಲ್ಲ. ತಮಗೆ ಗೊತ್ತಿದ್ದ ದಾರಿ ಹಿಡಿದರು.

ಪ್ರಾಣಿಗಳಿಗೆ ಔಷಧ ಕುಡಿಸುವುದರಲ್ಲಿ ನಮ್ಮ ಯಜಮಾನರ ಕೈ ಹೆಸರಾದದ್ದು. ದನಕ್ಕಾದರೆ ಗೊಟ್ಟ, ಅಂದರೆ ಒಂದು ತುದಿ ಓರೆಯಾಗಿ ಕೊಯ್ದ ಬಿದಿರಿನ ಕೊಳವೆ. ಕುರಿಗಾದರೆ ಸೂಜಿ ತೆಗೆದ ದೊಡ್ಡ ಸಿರಿಂಜ್. ಕುರಿಯನ್ನು ಎರಡು ಮೊಣಕಾಲುಗಳ ನಡುವೆ ಹಿಡಿದು, ಗದ್ದಕ್ಕೆ ಕೈ ಕೊಟ್ಟು, ಬಾಯಿಯ ಮೂಲೆಯಲ್ಲಿ ಹಲ್ಲಿಲ್ಲದ ಜಾಗಕ್ಕೆ ತುದಿ ಇಟ್ಟು ನಿಧಾನ ಬಿಡುತ್ತಾರೆ. ತಪ್ಪಿದರೆ ಔಷಧ ಉಸಿರಿನ ದಾರಿಗೆ ಹೋಗಿ ಪ್ರಾಣಿ ಸಾಯುತ್ತದೆ. ಅವರ ಕೈಯಲ್ಲಿ ಅಂಥದ್ದೊಂದೂ ಆಗಿರಲಿಲ್ಲ. ಕುರಿ ಕೆಮ್ಮಿದ ಕ್ಷಣ ಬಿಟ್ಟುಬಿಡಬೇಕು, ಅಷ್ಟೇ ಇದರ ಗುಟ್ಟು ಎಂದು ಕಲಿಯಲು ಬಂದವರಿಗೆ ಹೇಳುತ್ತಿದ್ದರು. ಸುತ್ತಲಿನ ಹಳ್ಳಿಗಳಿಂದ ಅವರನ್ನು ಗಾಡಿಯಲ್ಲಿ ಕರೆದೊಯ್ಯುತ್ತಿದ್ದರು.

ಆ ಕೈ ನನಗೂ ಬಂತು.

ಹೊಸ ಸಿರಿಂಜ್ ತಂದು ಕುದಿಯುವ ನೀರಿನಲ್ಲಿ ತೊಳೆದರು. ಗುಳಿಗೆಗಳನ್ನೆಲ್ಲ ಅರೆದು ನೀರಿನಲ್ಲಿ ಕರಗಿಸಿದರು. ನನ್ನ ಬೆನ್ನಿಗೆ ಮೊಣಕಾಲು ಕೊಟ್ಟು ಕೂತು, ಗದ್ದ ಎತ್ತಿ, ಬಾಯಿಯ ಮೂಲೆಯಿಂದ ಹನಿಹನಿಯಾಗಿ ಬಿಟ್ಟರು. ಗಂಟಲನ್ನು ಮೇಲಿಂದ ಕೆಳಗೆ ಬೆರಳಲ್ಲಿ ಸವರಿದರು. "ಹಾಂ, ಹಾಂ, ಆತು, ಆತು" ಎಂದು ಕುರಿಗೆ ಹೇಳುವ ದನಿಯಲ್ಲೇ ಹೇಳಿದರು. ಎಲಾ ಇವರ, ನನ್ನನ್ನೂ ಕುರಿ ಮಾಡಿದರಲ್ಲ ಎಂದು ಸಿಟ್ಟು ಬಂತು. ಆದರೆ ಅಷ್ಟರಲ್ಲಿ ಔಷಧ ಪೂರ್ತಿ ಒಳಗೆ ಹೋಗಿತ್ತು. ಒಂದು ಹನಿ ಹೊರಗೆ ಬೀಳಲಿಲ್ಲ. ನಾನು ಕೆಮ್ಮಲೂ ಇಲ್ಲ. ಅವರು ಗೆದ್ದವರಂತೆ ನನ್ನ ಮುಖ ನೋಡಿದರು. ನಿಜ ಹೇಳುತ್ತೇನೆ, ನನಗೂ ಖುಷಿಯಾಯಿತು. ಆ ಕಹಿ ಪುಡಿಯ ಜಗ್ಗಾಟ ತಪ್ಪಿತಲ್ಲ.

ಹೀಗೇ ನಡೆಯಿತು. ಮನೆಗೆ ಬಂದವರಿಗೆಲ್ಲ ಅವರು, "ಈಗ ಗುಳಿಗಿ ತಕರಾರ ಇಲ್ಲ ನೋಡ್ರಿ" ಅನ್ನುತ್ತಿದ್ದರು.

ಆಮೇಲೆ ನನ್ನ ದನಿ ಬದಲಾಯಿತು. ಮಾತಾಡಲು ಹೋದರೆ ಗಂಟಲಲ್ಲಿ ಗೊರಗೊರ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಒಂದು ದಿನ ಗೋಡೆ ಹಿಡಿದು ಬಚ್ಚಲಿಗೆ ಹೋಗುವಷ್ಟರಲ್ಲಿ ಉಸಿರು ಸಾಲದಾಯಿತು. ಎದೆಯಲ್ಲಿ ಗಾಳಿ ಇಳಿಯುವ ಜಾಗವೇ ಇಲ್ಲದ ಹಾಗೆ. ತುಟಿ ನೀಲಿಗಟ್ಟಿದೆ ಎಂದು ಯಾರೋ ಅಂದರು. ಮತ್ತೆ ಜೀಪು, ಮತ್ತೆ ವಿಜಾಪುರ, ಈ ಸಲ ಐಸಿಯು.

ನ್ಯುಮೋನಿಯಾ ಎಂದರು.

ಡಾಕ್ಟರು ಮಧ್ಯವಯಸ್ಸಿನ ಹೆಣ್ಣುಮಗಳು. ಎಕ್ಸ್-ರೇ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಯಜಮಾನರನ್ನು ಹಾಸಿಗೆಯ ಹತ್ತಿರ ಕರೆದರು. ನನ್ನ ಮೂಗಿಗೆ ಆಕ್ಸಿಜನ್ ಇತ್ತು, ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

"ಮನ್ಯಾಗ ಗುಳಿಗಿ ಹೆಂಗ ಕೊಟ್ರಿ?"

ಅವರು ಹುರುಪಿನಿಂದಲೇ ಹೇಳಿದರು. ಮಾತಿನಲ್ಲಿ ಸಾಲದೆ ಪಕ್ಕದ ಖಾಲಿ ಹಾಸಿಗೆಯ ತಲೆದಿಂಬು ಎತ್ತಿಕೊಂಡು, ಮೊಣಕಾಲ ಮೇಲಿಟ್ಟು, ಅದರ ಒಂದು ಮೂಲೆಯನ್ನು ಮೇಲೆತ್ತಿ ತೋರಿಸಿದರು. ಒಂದು ಹನಿ ಹೊರಗೆ ಚೆಲ್ಲಿಲ್ಲ ಎಂದರು. ಡಾಕ್ಟರು ತಲೆದಿಂಬನ್ನೇ ನೋಡುತ್ತ ನಿಂತರು.

"ಮಾಳಪ್ಪರ, ಅದು ಹೊಟ್ಟಿಗೆ ಹೋಗಿಲ್ರಿ. ಪುಪ್ಪುಸಕ್ಕ ಹೋಗೇತಿ."

"ಇಲ್ರಿ ಮೇಡಂ, ಸಾಧ್ಯ ಇಲ್ರಿ. ಹಂಗ ಹೋಗಿದ್ರ ಕೆಮ್ಮತಿದ್ಲು. ಕೆಮ್ಮಿದ್ರ ನಾ ಬಿಡ್ತಿದ್ದೆ. ಒಮ್ಮಿನೂ ಕೆಮ್ಮಲಿಲ್ರಿ ಆಕಿ."

"ಅದ ನೋಡ್ರಿ ಕೆಟ್ಟದ್ದು. ಇವರಿಗೆ ಕೆಮ್ಮ ಬರಾಂಗಿಲ್ಲ ಈಗ."

ನನ್ನ ಗಂಟಲು ಕೆಮ್ಮುವುದನ್ನೇ ಮರೆತಿತ್ತು.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಗಂಟಲಿನ ಕೆಳಗೆ ಎರಡು ದಾರಿ. ಒಂದು ಹೊಟ್ಟೆಗೆ, ಒಂದು ಶ್ವಾಸಕೋಶಕ್ಕೆ. ಉಸಿರಿನ ದಾರಿಗೆ ಏನಾದರೂ ಬಿದ್ದರೆ ಗಂಟಲು ಎಚ್ಚೆತ್ತು ಕೆಮ್ಮಿ ಹೊರಹಾಕುತ್ತದೆ. ಲಕ್ವಾ ಹೊಡೆದ ಕೆಲವರಲ್ಲಿ ಆ ಎಚ್ಚರ ಹೋಗಿಬಿಡುತ್ತದೆ. ತಲೆ ಎತ್ತಿದರೆ ಉಸಿರಿನ ದಾರಿ ಇನ್ನಷ್ಟು ಬಾಯಿ ತೆರೆಯುತ್ತದೆ, ನೀರಿನಂಥ ಔಷಧ ಸದ್ದಿಲ್ಲದೆ ಜಾರುತ್ತದೆ. ಮನುಷ್ಯರಿಗೆ ಗದ್ದ ಎದೆಯ ಕಡೆ ಬಾಗಿಸಬೇಕು. ಬೈದು ಹೇಳಲಿಲ್ಲ ಆ ತಾಯಿ. ಬೈದಿದ್ದರೆ ಯಜಮಾನರಿಗೆ ಸುಲಭವಾಗುತ್ತಿತ್ತೇನೋ.

ಅವರು ತಲೆದಿಂಬನ್ನು ಇದ್ದಲ್ಲೇ ಇಟ್ಟರು. ಹೊರಗೆ ಹೋದರು. ಮೆಟ್ಟಿಲ ಹತ್ತಿರ ಕೂತು, ರುಮಾಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು ಎಂದು ನನ್ನ ತಂಗಿ ರೇಣುಕಾ ಆಮೇಲೆ ಹೇಳಿದಳು. ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಕುರಿಯ ಲೆಕ್ಕ ಹಾಕಿದರಲ್ಲ ಎಂಬ ಸಿಟ್ಟು. ಅದರ ಬೆನ್ನಿಗೇ, ಕುರಿಯನ್ನು ಅವರು ಎಷ್ಟು ಜೋಪಾನ ಮಾಡುತ್ತಾರೆ ಎಂಬುದೂ ನೆನಪಾಯಿತು. ಉಸಿರಾಡುವುದೇ ದೊಡ್ಡ ಕೆಲಸವಾಗಿದ್ದ ಆ ದಿನಗಳಲ್ಲಿ ಸಿಟ್ಟು ಬಹಳ ಹೊತ್ತು ನಿಲ್ಲಲಿಲ್ಲ.

ಮತ್ತೆ ಎಲ್ಲ ಬಾಗಿಲುಗಳೂ ತೆರೆದವು. ಆಂಟಿಬಯೋಟಿಕ್ ನರದಲ್ಲಿ, ನೆಬ್ಯುಲೈಜರಿನ ಹಬೆ ಮೂಗಿನಲ್ಲಿ. ಬಾಯಿಯ ಬಾಗಿಲು ಮಾತ್ರ ಮುಚ್ಚಿತು. ಮೂಗಿನ ಹೊಳ್ಳೆಯಿಂದ ಹೊಟ್ಟೆಯವರೆಗೆ ಒಂದು ತೆಳ್ಳನೆಯ ನಳಿಕೆ ಇಳಿಸಿದರು. ರೈಲ್ಸ್ ಟ್ಯೂಬ್. ಇನ್ನು ಮೇಲೆ ಊಟ, ನೀರು, ಗುಳಿಗೆ ಎಲ್ಲ ಅದರಲ್ಲೇ. ಬಾಯಿಗೆ ಹನಿ ನೀರು ಹಾಕುವಂತಿಲ್ಲ.

ರೇಣುಕಾಳನ್ನು ಇಂಡಿ ತಾಲ್ಲೂಕಿನ ಹೊರ್ತಿಗೆ ಕೊಟ್ಟಿದೆ. ನಿಂಬೆ ತೋಟದ ಕೆಲಸವನ್ನು ಮನೆಯವರಿಗೆ ಬಿಟ್ಟು ಬಂದಿದ್ದಳು. ಸಿಸ್ಟರ್ ಅವಳಿಗೆ ನಳಿಕೆಯ ಕೆಲಸ ಕಲಿಸಿದಳು. ಎಲ್ಲ ಗುಳಿಗೆಯನ್ನೂ ಅರೆಯಬಾರದಂತೆ. ಬಿ.ಪಿ.ಯ ಒಂದು ಗುಳಿಗೆ ದಿನವಿಡೀ ನಿಧಾನವಾಗಿ ಕರಗಬೇಕಾದದ್ದು. ಅರೆದರೆ ಪೂರ್ತಿ ಔಷಧ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಅದನ್ನು ಡಾಕ್ಟರು ಬದಲಿಸಿದರು. ಹೊಟ್ಟೆಯ ಉರಿಗೆ ಕೊಡುವ ಗುಳಿಗೆಗೆ ಮೇಲೊಂದು ಪದರ ಇರುತ್ತದೆ, ಅದನ್ನೂ ಅರೆಯುವಂತಿಲ್ಲ. ಒಂದೊಂದೇ ಗುಳಿಗೆ ಹಾಕಿ ನಡುವೆ ನೀರು ಬಿಟ್ಟು ನಳಿಕೆ ತೊಳೆಯಬೇಕು. ನಾನು ಮಲಗಿದಲ್ಲೇ ಎಲ್ಲ ಕೇಳಿಸಿಕೊಂಡೆ. ಗುಳಿಗೆಗಳ ಗುಣ ಒಂದೊಂದೂ ಬೇರೆ ಎಂದು ಇಷ್ಟು ವರ್ಷ ಯಾರಾದರೂ ನನಗೆ ಹೇಳಿದ್ದರೆ ಊರಿಗೆಲ್ಲ ಹೇಳುತ್ತಿದ್ದೆನಲ್ಲ ಎನ್ನಿಸಿತು.

ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸಿಸ್ಟರ್, "ನೀವೂ ಕಲೀರಿ ಅಪ್ಪಾರ" ಅಂದಳು. ಅವರು ಕೈ ಹಿಂದೆ ಕಟ್ಟಿಕೊಂಡರು.

ಡಿಸ್ಚಾರ್ಜ್ ಮಾಡುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು. ಮೂಗಿನ ನಳಿಕೆಯನ್ನು ಬಹಳ ಕಾಲ ಇಡಲಾಗದು. ಗಂಟಲು ಚೇತರಿಸಿಕೊಳ್ಳದಿದ್ದರೆ ಹೊಟ್ಟೆಯ ಮೇಲೆ ಸಣ್ಣ ರಂಧ್ರ ಮಾಡಿ ಅಲ್ಲಿಂದ ನೇರ ನಳಿಕೆ ಇಡಬೇಕಾಗುತ್ತದೆ. ಅದೇನೂ ಕೆಟ್ಟದ್ದಲ್ಲ, ಎಷ್ಟೋ ಜನರ ಜೀವ ಉಳಿಸಿದೆ ಎಂದು ಧೈರ್ಯ ತುಂಬಿದರು. ಅವರ ಮಾತು ಖರೆ. ಆದರೆ ನಾನು ಗೋಡೆಯ ಕಡೆ ಹೊರಳಿ ಮಲಗಿದೆ. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಎಣ್ಣೆಗಾಯಿ ಎಲ್ಲದರಿಂದಲೂ ನನ್ನ ನಾಲಿಗೆಯನ್ನು ಹೊರಗಿಟ್ಟಂತಾಯಿತು. ಉಂಡರೂ ಉಂಡ ನೆನಪಿಲ್ಲದ ಬದುಕು ನನಗೆ ಬೇಡವಾಗಿತ್ತು. ಬಾಯಿಂದ ಉಣ್ಣಬೇಕು, ಬಾಯಿಂದಲೇ ಗುಳಿಗೆ ನುಂಗಬೇಕು. ಆಗ ನನಗಿದ್ದದ್ದು ಇದೊಂದೇ ಆಸೆ.

ಮನೆಯಲ್ಲಿ ಹೊಸ ದಿನಚರಿ ಶುರುವಾಯಿತು. ಗಂಜಿ ಕಾಯಿಸುವವರು ಯಜಮಾನರು, ನಳಿಕೆಗೆ ಬಿಡುವವಳು ರೇಣುಕಾ. ಗಂಜಿ ಕಾಯಿಸಿ, ಗಂಟಿಲ್ಲದಂತೆ ಬಟ್ಟೆಯಲ್ಲಿ ಸೋಸಿ, ಅಂಗೈ ಮೇಲೆ ಹಾಕಿ ನೆಕ್ಕಿ ಉಪ್ಪು ನೋಡುತ್ತಿದ್ದರು. ಸಾಲದಿದ್ದರೆ ಇನ್ನೊಂದು ಚಿಟಿಕೆ ಹಾಕುತ್ತಿದ್ದರು.

ರೇಣುಕಾ ನಗುತ್ತಿದ್ದಳು. "ಮಾಮಾ, ಮೂಗಿನ್ಯಾಗ ಹೋಗೂ ಗಂಜಿಗೆ ಉಪ್ಪಿನ ರುಚಿ ಹೆಂಗ ತಿಳೀಬೇಕು ಅಕ್ಕಗ?"

"ತಿಳೀಲಿ, ಬಿಡ್ಲಿ. ಸಪ್ಪನ ಗಂಜಿ ಹಾಕಾಕ ನಮ್ಮ ಮನ್ಯಾಗ ಉಪ್ಪಿಲ್ಲೇನು?"

ನಾನು ನಗಲು ಹೋದೆ, ಜೊಲ್ಲು ಸುರಿಯಿತು. ಅವರು ಒರೆಸಲು ಕೈ ಚಾಚಿ, ಹಾಗೇ ಹಿಂದಕ್ಕೆ ತೆಗೆದುಕೊಂಡರು. ರೇಣುಕಾ ಒರೆಸಿದಳು. ನನ್ನ ಮುಖದ ಹತ್ತಿರ ಅವರು ಕೈ ತರುತ್ತಿರಲಿಲ್ಲ. ಸೆರಗು ಸರಿಮಾಡುತ್ತಿದ್ದರು, ಕಾಲು ಒತ್ತುತ್ತಿದ್ದರು, ಬಾಯಿಯ ಸುದ್ದಿಗೆ ಮಾತ್ರ ಬರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ನುಂಗುವುದನ್ನು ಕಲಿಸುವ ಒಬ್ಬ ಥೆರಪಿಸ್ಟ್ ಇದ್ದಳು. ಹೆಸರು ಶಾಹೀನ್, ಮುದ್ದೇಬಿಹಾಳದ ಹುಡುಗಿ. ತಿರುಗಿ ತೋರಿಸಲು ಹೋದಾಗಲೆಲ್ಲ ಅವಳ ಹತ್ತಿರ ಕೂರಬೇಕು. ಮೊದಲ ಸಲ ನುಂಗಲು ಕಲಿಸುತ್ತೇನೆ ಎಂದಾಗ ನನಗೆ ರೇಗಿತು. ಹುಟ್ಟಿದ ದಿನದಿಂದ ಮಾಡುತ್ತ ಬಂದದ್ದನ್ನು ಇವಳೇನು ಕಲಿಸುತ್ತಾಳೆ? ಅವಳು ನನ್ನ ಮುಖ ಓದಿದಳು.

"ಅಕ್ಕೋರ, ನೀವು ಹುಡುಗರಿಗೆ ಅ ಆ ಇ ಈ ಕಲಸ್ತೀರಿ. ನಾ ನಿಮ್ಮ ಗಂಟಲಿಗೆ ಅ ಆ ಇ ಈ ಕಲಸ್ತೇನಿ. ಹಟ ಮಾಡಿದ್ರ ಮೂಲ್ಯಾಗ ನಿಲ್ಲಸ್ತೇನಿ."

ಪುಟ್ಟ ಬಾಯಿಯಲ್ಲಿ ದೊಡ್ಡ ಮಾತು. ನನಗೆ ಅವಳು ಹಿಡಿಸಿದಳು.

ನಾಲಿಗೆಯಿಂದ ಚಮಚವನ್ನು ತಳ್ಳುವುದು, ತುದಿನಾಲಿಗೆ ಹಲ್ಲಿನಲ್ಲಿ ಹಿಡಿದು ಉಗುಳು ನುಂಗುವುದು, ಗದ್ದವನ್ನು ಎದೆಗೆ ಹಚ್ಚುವುದು. ಮನೆಯಲ್ಲಿ ದಿನವೂ ಮಾಡಬೇಕು. ಇದರ ಜೊತೆಗೆ ತಣ್ಣನೆಯ ಚಮಚದ ಬೆನ್ನಿಗೆ ನಿಂಬೆರಸ ಸವರಿ ಒರೆಸಿ, ನಾಲಿಗೆಯ ಹಿಂಭಾಗಕ್ಕೆ ಮುಟ್ಟಿಸಬೇಕು. ಹುಳಿ ತಾಗಿದರೆ ಗಂಟಲು ಎಚ್ಚರವಾಗುತ್ತದೆಯಂತೆ. ರೇಣುಕಾಳ ಗಂಡ ಹೊರ್ತಿಯಿಂದ ಒಂದು ಚೀಲ ನಿಂಬೆಹಣ್ಣು ಕಳಿಸಿದ. ಅಷ್ಟು ನಿಂಬೆ ನಮ್ಮ ಓಣಿಗೆಲ್ಲ ಸಾಕಾಗುತ್ತಿತ್ತು.

ಮೊದಲ ಸಲ ಆ ಚಮಚ ನಾಲಿಗೆಗೆ ತಾಗಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಹುಳಿ! ವಾರಗಟ್ಟಲೆ ಆದ ಮೇಲೆ ಒಂದು ರುಚಿ. ಗಂಟಲು ಒಮ್ಮೆ ಮೇಲೇರಿ ಕೆಳಗಿಳಿಯಿತು. ರೇಣುಕಾ ನನ್ನ ಗಂಟಲ ಮೇಲೆ ಬೆರಳಿಟ್ಟು ನೋಡುತ್ತಿದ್ದಳು. "ಅಲ್ಲಾಡ್ತು ಅಕ್ಕಾ, ಅಲ್ಲಾಡ್ತು!" ಎಂದು ಕೂಗಿದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವರು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

ರೇಣುಕಾ ಎಷ್ಟು ದಿನ ಇರುತ್ತಾಳೆ? ಅವಳ ಅತ್ತೆಗೆ ಹುಷಾರಿಲ್ಲ ಎಂದು ಫೋನ್ ಬಂತು, ಹೊರಟಳು. ಹೋಗುವ ಮುಂಚೆ ಯಜಮಾನರನ್ನು ಕೂರಿಸಿ ನಳಿಕೆಯ ಕೆಲಸ ಮತ್ತೊಮ್ಮೆ ತೋರಿಸಿದಳು. ಹೂಂ ಅಂದರು. ಮರುದಿನ ಮುಂಜಾನೆ ಗಂಜಿ ತಯಾರಾಯಿತು, ಉಪ್ಪು ನೋಡಿದ್ದಾಯಿತು. ಅವರು ಬಟ್ಟಲು ಹಿಡಿದು ನಳಿಕೆಯ ಬಾಯಿ ನೋಡುತ್ತ ನಿಂತರು. ಬಗ್ಗಿಸಿದ ಗಂಜಿ ನಳಿಕೆ ತಪ್ಪಿ ಹಾಸಿಗೆಯ ಮೇಲೆ ಚೆಲ್ಲಿತು. ರೇಣುಕಾ ಮಾಡುವುದನ್ನು ನೋಡಿ ಕಲಿತಿದ್ದ ಅಂಗನವಾಡಿಯ ಸಹಾಯಕಿ ಕಸ್ತೂರಿಯನ್ನು ಕರೆತಂದರು. ಮಧ್ಯಾಹ್ನವೂ ಅವಳನ್ನೇ. ಮೂರು ಹೊತ್ತೂ ಅವಳು ಓಡಿ ಬರಬೇಕು.

ಪಕ್ಕದ ಊರಿಂದ ಒಬ್ಬರು ಕುರಿಗೆ ಔಷಧ ಹಾಕಿಕೊಡಿ ಎಂದು ಕರೆಯಲು ಬಂದರು. "ನಾ ಬಿಟ್ಟೇನಿ ಆ ಕೆಲಸ. ಬ್ಯಾರೇವರನ್ನ ನೋಡ್ರಿ" ಅಂದರು ಯಜಮಾನರು. ನಮ್ಮ ದೊಡ್ಡಿಯ ಕುರಿಗಳಿಗೂ ಬೇರೆಯವರೇ ಹಾಕಿದರಂತೆ. ಆ ಕೈ ಅವರ ಮರ್ಯಾದೆ. ಅದರಿಂದಲೇ ಅವರನ್ನು ಹತ್ತು ಹಳ್ಳಿ ಗುರುತಿಸುತ್ತಿತ್ತು.

ಸಂಜೆ ಅವರನ್ನು ಎದುರಿಗೆ ಕೂರಿಸಿಕೊಂಡೆ. ಮಾತು ಅಷ್ಟಿಷ್ಟು ಬರುತ್ತಿತ್ತು, ತೊದಲಿನ ಮಾತು. ಒಂದೊಂದು ಪದವನ್ನೂ ಎಳೆದು ತರಬೇಕು.

"ಯಾಕ... ಹಿಂಗ... ಮಾಡ್ತೀರಿ?"

ಅವರು ತಮ್ಮ ಬಲ ಅಂಗೈಯನ್ನು ನನ್ನ ಮುಂದೆ ಚಾಚಿದರು. "ಈ ಕೈಲೆ ನಿನ್ನ ಕೊಲ್ಲತಿದ್ದೆ ಶಾಂತಾ. ನೀ ಒಳಗ ಮುಳುಗಾಕತ್ತಿದ್ದಿ, ನಾ ಆತು ಆತು ಅಂತ ನಗಾಕತ್ತಿದ್ದೆ. ಕೆಮ್ಮಲಿಲ್ಲ ಅಂತ ಖುಷಿಪಟ್ಟೆ. ಮತ್ತ ಈ ಕೈ ನಿನ್ನ ಬಾಯಿ ಹತ್ರ ತರಾಕ ನನಗ ಆಗೂದಿಲ್ಲ."

ಹೇಳಬೇಕಾದ್ದು ನನ್ನ ಹತ್ತಿರ ರಾಶಿ ಇತ್ತು. ನಾನೂ ಖುಷಿಪಟ್ಟಿದ್ದೆ, ಗುಳಿಗೆ ತಪ್ಪಬಾರದು ಎಂದೇ ನೀವು ಮಾಡಿದ್ದು, ಆ ಗುಳಿಗೆಗಾಗಿ ನೀವು ನಿದ್ದೆಗೆಟ್ಟಿದ್ದು ನನಗೆ ಗೊತ್ತು ಎಂದೆಲ್ಲ. ಬಾಯಿ ಅಷ್ಟನ್ನು ಹೊರುತ್ತಿರಲಿಲ್ಲ. ಅವರ ಕೈ ಎಳೆದು ನನ್ನ ಗಲ್ಲದ ಮೇಲೆ ಇಟ್ಟುಕೊಂಡೆ. ಇಟ್ಟುಕೊಂಡಷ್ಟು ಹೊತ್ತು ಇತ್ತು. ಬಿಟ್ಟ ಕೂಡಲೇ ತೆಗೆದುಕೊಂಡು ಎದ್ದು ಹೋದರು. ನನಗೆ ಅಳು ಬಂತು, ಸಿಟ್ಟೂ ಬಂತು.

ಪರೀಕ್ಷೆಯ ದಿನ ಬಂತು. ಹೊಟ್ಟೆಗೆ ರಂಧ್ರವೋ ಬಾಯಿಗೆ ಊಟವೋ ಎಂಬುದು ಅಂದೇ ತೀರ್ಮಾನ. ಮೂಗಿನ ಇನ್ನೊಂದು ಹೊಳ್ಳೆಯಿಂದ ದಾರದಷ್ಟು ತೆಳ್ಳನೆಯ ಕ್ಯಾಮೆರಾ ಇಳಿಸಿದರು. ಟಿ.ವಿ.ಯಂಥ ಪರದೆಯ ಮೇಲೆ ನನ್ನ ಗಂಟಲು ಕಾಣಿಸಿತು. ಒದ್ದೆಯಾದ ಗುಲಾಬಿ ಬಣ್ಣದ ಗುಹೆ. ಇದಕ್ಕೆ ಇಷ್ಟು ಪೂಜೆ ನಡೆಯುತ್ತಿದೆಯೇ ಎನ್ನಿಸಿತು. ಶಾಹೀನ್ ಗಟ್ಟಿ ಗಂಜಿಗೆ ಹಸಿರು ಬಣ್ಣ ಕಲಸಿ ಇಟ್ಟಿದ್ದಳು. ಡಾಕ್ಟರೂ ಬಂದು ನಿಂತರು.

"ಮನ್ಯಾಗ ಇವರಿಗೆ ಯಾರು ಉಣಸ್ತಾರ, ಅವರ ಕೈಲೆನ ಇಲ್ಲಿ ಕೊಡ್ಸಬೇಕು. ಹೆಂಗ ಕೊಡ್ತಾರ ನಾ ನೋಡಬೇಕು. ಬರ್ರಿ ಕಾಕಾ" ಅಂದಳು ಶಾಹೀನ್.

ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದರು. "ನನ್ನ ಕೈಲೆ ಬ್ಯಾಡವ್ವಾ. ನೀನ ಕೊಡು."

"ನಾ ದಿನಾ ಯಂಕಂಚಿಗೆ ಬರಾಕ ಆಗ್ತದೇನ್ರಿ?"

ಅವರು ಬಾಗಿಲ ಕಡೆ ತಿರುಗಿದರು. ಸುಡುಗಾಡು, ಇನ್ನೂ ಎಷ್ಟು ದಿನ ಇದು! ನಾನು ಎಡಗೈಯಲ್ಲಿ ಚಮಚ ಎತ್ತಿ ಅವರ ಕಡೆ ಚಾಚಿದೆ. ಮೂಗಿನಲ್ಲಿ ಕ್ಯಾಮೆರಾ ಇದ್ದದ್ದೂ ಮರೆತು ಕೂಗಿದೆ.

"ನೀವ ಕೊಡ್ರಿ. ಇಲ್ಲಂದ್ರ ನಾ ಉಣ್ಣಾಂಗಿಲ್ಲ."

ಲಕ್ವಾ ಹೊಡೆದ ಮೇಲೆ ನನ್ನ ಬಾಯಿಂದ ನಡುವೆ ಕಡಿಯದೆ ಬಂದ ಮೊದಲ ಮಾತು ಅದು. ಡಾಕ್ಟರು, ಶಾಹೀನ್ ಇಬ್ಬರೂ ನನ್ನ ಕಡೆ ತಿರುಗಿದರು. ಯಜಮಾನರು ಬಂದರು. ಚಮಚ ತೆಗೆದುಕೊಂಡರು. ಶಾಹೀನ್ ಅವರ ಮುಂಗೈ ಹಿಡಿದುಕೊಂಡಳು.

"ಕೆಳಗ ಕುಂಡ್ರಿ ಕಾಕಾ, ಅವರಕಿಂತ ಎತ್ತರ ಬ್ಯಾಡ. ಚಮಚ ಕೆಳಗಿಂದ ತರ್ರಿ. ಅಕ್ಕೋರ, ಗದ್ದ ಎದಿಗೆ ಹಚ್ರಿ. ಉಸರು ಹಿಡೀರಿ. ಹಾಂ, ನುಂಗ್ರಿ."

ನುಂಗಿದೆ. ಪರದೆಯ ಮೇಲೆ ಹಸಿರು ಮುದ್ದೆ ಬಂತು, ಒಂದು ಕ್ಷಣ ತಡೆಯಿತು, ಹಿಂದಿನ ದಾರಿಯಲ್ಲಿ ಇಳಿದು ಕಾಣದಾಯಿತು. ಉಸಿರಿನ ದಾರಿ ಸ್ವಚ್ಛವಾಗಿತ್ತು. "ಹೊಟ್ಟಿಗೆ ಹೋತು" ಅಂದರು ಡಾಕ್ಟರು. ಎರಡನೆಯ ಚಮಚ. ಅದೂ ಹೋಯಿತು. ಆಮೇಲೆ ಸ್ವಲ್ಪ ತೆಳ್ಳಗೆ ಮಾಡಿದ್ದನ್ನು ಕೊಡಲು ಹೇಳಿದರು. ನುಂಗಿದೆ. ಅದರ ಒಂದು ಎಳೆ ಮುಂದಿನ ದಾರಿಯ ಕಡೆ ಹರಿಯಿತು. ಪರದೆಯಲ್ಲಿ ನನಗೇ ಕಾಣಿಸಿತು. ಯಜಮಾನರಿಗೂ ಕಾಣಿಸಿತು.

ಕೆಮ್ಮು ಬಂತು.

ಎದೆಯ ತಳದಿಂದ ಎದ್ದು ಬಂದ ಕೆಮ್ಮು. ಕಣ್ಣು, ಮೂಗು, ಎಲ್ಲ ಕಡೆಯಿಂದ ನೀರು. ಹಸಿರು ಗಂಜಿ ಶಾಹೀನಳ ಬಿಳಿ ಕೋಟಿನ ಮೇಲೆ ಹಾರಿತು. ಚಮಚ ಯಜಮಾನರ ಕೈಯಿಂದ ಬಿತ್ತು. ಎರಡೂ ಕೈ ಮೇಲೆತ್ತಿ, ಬಿಟ್ಟೆ, ಬಿಟ್ಟೆ ಎನ್ನುವಂತೆ ಗೋಡೆಗೆ ಅಂಟಿ ನಿಂತುಬಿಟ್ಟರು. ಅವರ ಮುಖದಲ್ಲಿ ರಕ್ತವಿರಲಿಲ್ಲ.

ಶಾಹೀನ್ ಚಪ್ಪಾಳೆ ತಟ್ಟಿದಳು. "ಕೆಮ್ಮಿದ್ರು! ಮೇಡಂ, ನೋಡಿದ್ರಿಲ್ಲೋ, ಕೆಮ್ಮಿದ್ರು!"

"ಮತ್ತ ಒಳಗ ಹೋತೇನವ್ವಾ?" ಯಜಮಾನರು ಗೋಡೆ ಬಿಡದೆಯೇ ಕೇಳಿದರು.

"ಹೋಗಾಕತ್ತಿತ್ತು ಕಾಕಾ. ಗಂಟಲ ತಾನ ಹೊರಗ ಹಾಕ್ತು. ನೀವ ನೋಡ್ರಿ, ಒಂದು ಹನಿ ಇಲ್ಲ ಒಳಗ. ಇನ್ನ ತಪ್ಪಿ ಹೋದ್ರ ಇವರ ಹೇಳ್ತಾರ ನಿಮಗ."

ಅವರು ಪರದೆಯ ಹತ್ತಿರ ಬಂದು ಬಗ್ಗಿ ನೋಡಿದರು. ಆಮೇಲೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೂ ತಿಳಿಯಲಿಲ್ಲ. ಡಾಕ್ಟರು ಅವರ ಹೆಗಲ ಮೇಲೆ ಕೈ ಇಟ್ಟು, ಹೊಟ್ಟೆಯ ನಳಿಕೆಯ ಮಾತು ಸದ್ಯಕ್ಕೆ ಬೇಡ ಎಂದರು. ಬಿದ್ದ ಚಮಚ ತೊಳೆದು ತಂದು ಯಜಮಾನರೇ ನನಗೆ ಇನ್ನೊಂದು ತುತ್ತು ಕೊಟ್ಟರು. ಯಾರೂ ಹೇಳಿರಲಿಲ್ಲ.

ಮೂಗಿನ ನಳಿಕೆ ಇನ್ನಷ್ಟು ದಿನ ಇತ್ತು, ನೀರಿಗೆ, ಗುಳಿಗೆಗೆ. ಆಮೇಲೆ ಅದನ್ನೂ ತೆಗೆದರು. ತೆಗೆಯುವಾಗ ಒಂದು ಹಾವು ಹೊರಗೆಳೆದಂತಾಯಿತು. ಆಮೇಲೆ ಮೂಗನ್ನು ಎಷ್ಟು ಸಲ ಮುಟ್ಟಿ ನೋಡಿಕೊಂಡೆನೋ.

ಪೂರ್ತಿ ಗುಣವಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ತೆಳ್ಳಗಿನ ನೀರು ಇನ್ನೂ ಕುಡಿಯುವಂತಿಲ್ಲ. ಚಹಾಕ್ಕೂ ಆಸ್ಪತ್ರೆಯವರು ಹೇಳಿದ ಪುಡಿಯೊಂದನ್ನು ಹಾಕಿ ಗಟ್ಟಿ ಮಾಡಿಕೊಡುತ್ತಾರೆ. ಅಂಟಿನಂಥ ಆ ಚಹಾ ಕುಡಿಯುವಾಗ ಮನೆಯವರೆಲ್ಲ ನನ್ನ ಬೈಗುಳ ಕೇಳಬೇಕು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಮುದ್ದೆ ಮಾಡಿ ತಿನ್ನುತ್ತೇನೆ. ಇಷ್ಟು ಬರೆಯಲು ಬಲಗೈ ಹಲವು ಸಲ ದಣಿದು ನಿಂತಿದೆ. ಅಂಗನವಾಡಿಗೆ ದಿನಕ್ಕೆ ತುಸು ಹೊತ್ತು ಹೋಗಿ ಕೂರುತ್ತೇನೆ. ನನ್ನ ತೊದಲನ್ನು ಮಕ್ಕಳು ಹಾಗೇ ಅಣಕಿಸುತ್ತವೆ, ನಾನು ಬೈದರೆ ಬೈಗುಳವನ್ನೂ ಅಣಕಿಸುತ್ತವೆ. ತಾಯಂದಿರು ಕೂಸಿನ ಮೂಗು ಹಿಡಿದು, ಮಲಗಿಸಿ ಔಷಧ ಸುರಿಯುವುದು ಕಂಡರೆ ಮಾತ್ರ ಈಗ ಬೈಯುವುದಿಲ್ಲ. ಕೂರಿಸಿಕೊಂಡು, ಗಂಟಲಿನ ಎರಡು ದಾರಿಯ ಕಥೆ ಹೇಳುತ್ತೇನೆ. ಯಜಮಾನರು ಮತ್ತೆ ಕುರಿಗೆ ಔಷಧ ಹಾಕಲು ಊರೂರು ಹೋಗುತ್ತಿದ್ದಾರೆ.

ನನ್ನ ಗುಳಿಗೆ ಕೊಡುವವರು ಅವರೇ. ಗಟ್ಟಿ ಮೊಸರಿನಲ್ಲಿ ಒಂದೊಂದೇ ಗುಳಿಗೆ ಇಟ್ಟು, ಮಣೆಯ ಮೇಲೆ ನನಗಿಂತ ತಗ್ಗಾಗಿ ಕೂತು, ಚಮಚವನ್ನು ಕೆಳಗಿನಿಂದ ತರುತ್ತಾರೆ. ನಾನು ಗದ್ದ ಬಾಗಿಸಿ ನುಂಗುತ್ತೇನೆ. ಕೊಟ್ಟಾದ ಮೇಲೆ ಅವರು ಏಳುವುದಿಲ್ಲ. ಏನೂ ಕೇಳುವುದೂ ಇಲ್ಲ. ನನ್ನ ಮುಖ ನೋಡುತ್ತ ಕೂತೇ ಇರುತ್ತಾರೆ. ಗುಳಿಗೆ ನೆಟ್ಟಗೆ ಹೊಟ್ಟೆಗೆ ಹೋಗಿದೆ ಎಂದು ನನಗೆ ಗೊತ್ತಿರುತ್ತದೆ, ಕೆಮ್ಮುವ ಕಾರಣವೇ ಇರುವುದಿಲ್ಲ. ಆದರೂ ನಾನು ಒಮ್ಮೆ ಗಟ್ಟಿಯಾಗಿ ಕೆಮ್ಮುತ್ತೇನೆ. ಆಗ ಅವರು ಚಮಚ ಕೆಳಗಿಟ್ಟು, ರುಮಾಲು ಸುತ್ತಿಕೊಂಡು ಕುರಿ ಬಿಡಲು ಹೋಗುತ್ತಾರೆ.